ತಟ್ಟಿ ಕಟ್ಟದ ವರ್ಷ

ರಿಪ್ಪನ್‌ಪೇಟೆಯ ಜವಳಿ ಅಂಗಡಿ ಜಿನಚಂದ್ರನ ಮನೆಯ ಪಡುವಣ ಗೋಡೆಗೆ ಆ ವರ್ಷ ಸೋಗೆ ತಟ್ಟಿ ಕಟ್ಟಲಿಲ್ಲ. ಅದನ್ನು ಊರಿನಲ್ಲಿ ಮೊದಲು ಗಮನಿಸಿದವರು ಯಾರೆಂದು ಹೇಳುವುದು ಕಷ್ಟ, ಯಾಕೆಂದರೆ ಎಲ್ಲರೂ ಗಮನಿಸಲಿ ಎಂದೇ ಜಿನಚಂದ್ರ ಕಟ್ಟಿಸದೆ ಬಿಟ್ಟಿದ್ದ.

ಆ ಗೋಡೆಗೆ ನೂರು ವರ್ಷ ದಾಟಿತ್ತು. ಒಳಗೆ ಒಂದೂವರೆ ಮೊಳ ದಪ್ಪದ ಮಣ್ಣು, ಹೊರಗೆ ಸುಣ್ಣ, ಮರಳು, ಬೆಲ್ಲದ ನೀರು ಸೇರಿಸಿ ಅರೆದು ಬಳಿದ ಗಾರೆ. ನಮ್ಮ ಕಡೆಯ ಮಳೆ ನೆಟ್ಟಗೆ ಬೀಳುವ ಜಾತಿಯದಲ್ಲ. ಪಡುವಣ ಗಾಳಿ ಅದನ್ನು ಅಡ್ಡಡ್ಡ ಎತ್ತಿ ತಂದು ಗೋಡೆಗೆ ಬಡಿಯುತ್ತದೆ. ಆ ಇರಚಲಿಗೆ ಮಣ್ಣಿನ ಗೋಡೆ ತಡೆಯುವುದಿಲ್ಲವೆಂದು ಪ್ರತಿ ವರ್ಷ ಮೃಗಶಿರ ಮಳೆ ಹುಟ್ಟುವ ಮೊದಲು ಅಡಿಕೆ ಸೋಗೆ ಹೆಣೆದ ತಟ್ಟಿಗಳನ್ನು ಸೂರಿನಿಂದ ನೆಲದವರೆಗೆ ಮರೆ ಕಟ್ಟುತ್ತಿದ್ದರು. ನಾಲ್ಕು ತಿಂಗಳು ಆ ಮನೆ ಕಂಬಳಿಕೊಪ್ಪೆ ಹಾಕಿಕೊಂಡ ಮುದುಕನ ಹಾಗೆ ಕೂತಿರುತ್ತಿತ್ತು.

ಕಟ್ಟುತ್ತಿದ್ದವನು ಗಾರೆ ಮಾಸ್ತಪ್ಪ. ಪೇಟೆಯಿಂದ ಎರಡು ಮೈಲಿ ದೂರದ ಹಳ್ಳಿಯವನು, ಅರವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ದೀಪಾವಳಿ ಕಳೆದ ಮೇಲೆ ಅವನೇ ಬಂದು ತಟ್ಟಿ ಬಿಚ್ಚುತ್ತಿದ್ದ. ಆಮೇಲೆ ಗೋಡೆಗೆ ಕಿವಿಯಿಟ್ಟು, ಬೆರಳಿನ ಗೆಣ್ಣಿನಿಂದ ಈ ತುದಿಯಿಂದ ಆ ತುದಿಗೆ ಬಡಿಯುತ್ತ ಹೋಗುತ್ತಿದ್ದ. ಪೊಳ್ಳು ಸದ್ದು ಬಂದ ಕಡೆ ಹಳೆಯ ಗಾರೆ ಕಿತ್ತು ಹೊಸದು ಹಾಕುತ್ತಿದ್ದ. ಇಷ್ಟೇ. ಮೂವತ್ತು ವರ್ಷ ಈ ಕೆಲಸ ಹೀಗೇ ನಡೆದಿತ್ತು, ಗೋಡೆಯೂ ನಿಂತಿತ್ತು. ನಿಂತಿರುವ ಗೋಡೆಯನ್ನು ನೋಡಿ ಯಾರೂ ಗಾರೆಯವನನ್ನು ಹೊಗಳುವುದಿಲ್ಲ.

ಜಿನಚಂದ್ರ ಕೆಟ್ಟವನಲ್ಲ. ಬಸದಿಗೆ ತಪ್ಪದೆ ಹೋಗುವವನು, ಹೊತ್ತು ಮುಳುಗಿದ ಮೇಲೆ ಉಣ್ಣದವನು, ತಾಯಿಯೆಂದರೆ ಜೀವ. ಅವನಿಗಿದ್ದದ್ದು ಒಂದೇ ರೋಗ, ಅದು ಅಂಗಡಿಯಲ್ಲಿ ಅಂಟಿಕೊಂಡದ್ದು. ಗಿರಾಕಿ ಸೀರೆಯ ಸೆರಗು ಹಿಡಿದು ಬಣ್ಣ ಬಿಡುತ್ತದೆಯೇ ಎಂದು ಕೇಳಿ ಮುಗಿಸುವ ಮೊದಲೇ, "ಬಿಡೋದೇ ಇಲ್ಲ, ನನ್ನ ಮಾತು" ಅನ್ನುತ್ತಿದ್ದ. ಇಪ್ಪತ್ತು ವರ್ಷ ಹಾಗೆ ಅಂದು ಅಂದು, ಗೊತ್ತಿದ್ದದ್ದಕ್ಕೂ ಗೊತ್ತಿಲ್ಲದ್ದಕ್ಕೂ ಅವನ ಬಾಯಿಂದ ಒಂದೇ ಉತ್ತರ ಬರುವ ಹಾಗಾಗಿತ್ತು. ಬಣ್ಣ ಬಿಟ್ಟ ಸೀರೆ ಹಿಡಿದುಕೊಂಡು ತಿರುಗಿ ಬಂದವರು ಇಲ್ಲದಿರಲಿಲ್ಲ. ಅವರಿಗೆ ನಗುತ್ತ ಬೇರೆ ಸೀರೆ ಕೊಟ್ಟು ಕಳಿಸುತ್ತಿದ್ದ.

ಲಿಂಗನಮಕ್ಕಿಯ ಅಣೆ ಕಟ್ಟಿ ಮುಗಿದು ಎರಡು ವರ್ಷವಾಗಿತ್ತು. ಅಲ್ಲಿ ಕೆಲಸ ಮಾಡಿದ ಮೇಸ್ತ್ರಿಗಳು ಸುತ್ತಲ ಪೇಟೆಗಳಿಗೆ ಹರಡಿಕೊಂಡು, ಸಿಮೆಂಟು ಕಾಣದ ಗೋಡೆಯೂ ಒಂದು ಗೋಡೆಯೇ ಎನ್ನುತ್ತ ಓಡಾಡುತ್ತಿದ್ದ ಕಾಲ. ಪರ್ಮಿಟ್ಟಿಗೆ ಎಂಟು ತಿಂಗಳು ಅಲೆದು ಜಿನಚಂದ್ರ ಹದಿನೆಂಟು ಮೂಟೆ ಸಿಮೆಂಟು ತಂದ. ಅಂಥ ಒಬ್ಬ ಮೇಸ್ತ್ರಿಯನ್ನು ಕರೆಸಿದ. ಬೇಸಿಗೆಯಲ್ಲಿ ಪಡುವಣ ಗೋಡೆಯ ಹಳೆಯ ಗಾರೆಗೆ ಕಚ್ಚು ಹಾಕಿ ಅದರ ಮೇಲೆ ಹೆಬ್ಬೆರಳು ದಪ್ಪ ಸಿಮೆಂಟು ಬಳಿಯುವ ಕೆಲಸ ಶುರುವಾಯಿತು.

ಆ ಹೊತ್ತಿಗೆ ಸರಿಯಾಗಿ ಮಾಸ್ತಪ್ಪ ಸೋಗೆಯ ಹೊರೆ ಹೊತ್ತುಕೊಂಡು ಬಂದ. ಹೊರೆ ಇಳಿಸದೆ ಹಾಗೆಯೇ ನಿಂತು ನೋಡಿದ.

"ಸಾವ್ಕಾರ್ರೆ, ಇದು ಮಣ್ಣಿನ ಗೋಡೆ" ಅಂದ. "ನೀರು ಕುಡೀತದೆ, ಆಮೇಲೆ ಬಿಸ್ಲಿಗೆ ಬೆವರಿ ಒಣಗ್ತದೆ. ಗಾರೆ ಬೆವರೋಕೆ ಬಿಡ್ತದೆ. ಈ ಸಿಮೆಂಟು ಬಿಡಾದಿಲ್ಲ. ಒಳಗೆ ಹೋಗಿದ್ದು ಒಳಗೇ ಕೊಳೀತದೆ."

"ಒಳಗೆ ಹೋದ್ರೆ ತಾನೆ ಕೊಳೆಯೋದು? ಅಣೆಕಟ್ಟಿನ ನೀರನ್ನೇ ತಡೀತಿದೆ ಮಾರಾಯ, ಇದು ಇರಚಲು ತಡೆಯೋದಿಲ್ವಾ?"

ಮೇಸ್ತ್ರಿ ಅಟ್ಟಣಿಗೆಯ ಮೇಲಿಂದ ನಕ್ಕ. ಮಾಸ್ತಪ್ಪ ಅವನ ಕಡೆ ನೋಡಲಿಲ್ಲ.

"ತಟ್ಟಿನಾದ್ರೂ ಕಟ್ಸಿ. ಮೇಲೆ ಸೂರಿನ ಸಂದು ಇದೆ, ಜೇನಿನ ತೂತು ಇದೆ."

"ಇಷ್ಟು ಚೆಂದ ಮಾಡಿಸಿ ಅದರ ಮೇಲೆ ಸೋಗೆ ಹೊದಿಸೋದಾ? ಈ ವರ್ಷದಿಂದ ಅದೆಲ್ಲ ಬೇಡ. ನಿನಗೂ ವಯಸ್ಸಾಯ್ತು, ಆರಾಮಾಗಿರು."

ಮಾಸ್ತಪ್ಪ ಹೊರೆಯನ್ನು ಇಳಿಸದೆಯೇ ತಿರುಗಿದ. ಬೇಲಿ ದಾಟುವಾಗ ಒಂದು ಸಲ ಗೋಡೆಯನ್ನು ನೋಡಿದ. ಹೆಗಲ ಮೇಲಿನ ಸೋಗೆ ದಾರಿಯುದ್ದಕ್ಕೂ ನೆಲಕ್ಕೆ ಸವರುತ್ತ ಹೋಯಿತು.

ಜೇನಿನ ತೂತಿನ ವಿಷಯ ಹೇಳಬೇಕು. ಆ ಗೋಡೆಯಲ್ಲಿ, ಕಿಟಕಿಯಿಂದ ಮೊಳದಷ್ಟು ಮೇಲೆ, ತುಡುವೆ ಜೇನು ಸೇರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಜೈನರ ಮನೆ, ಜೇನು ತಿನ್ನುವ ಮಾತಿರಲಿ, ಒಂದು ನೊಣ ಸಾಯಬಾರದು. ಗೋಡೆಯ ಒಳಮೈಗೆ ಇದ್ದದ್ದು ಜಿನಚಂದ್ರನ ತಾಯಿ ಜ್ವಾಲಮ್ಮನ ಕೋಣೆ. ಎಪ್ಪತ್ತೆರಡರ ಆ ಹೆಂಗಸು ಬೆಳಗಿನ ಜಪ ಮುಗಿಸಿ ಗೋಡೆಗೆ ಬೆನ್ನು ಕೊಟ್ಟು ಕೂತರೆ, ಗೋಡೆಯೊಳಗಿನ ಗುಂಯ್ಗುಡುವ ಸದ್ದು ಬೆನ್ನಿಗೆ ತಾಗುತ್ತಿತ್ತು. ಮಾಸ್ತಪ್ಪ ತಟ್ಟಿ ಕಟ್ಟುವಾಗ ಆ ತೂತಿನ ಎದುರು ಮಾತ್ರ ಒಂದು ಗೇಣು ಸೋಗೆ ಎತ್ತಿ, ನೀರು ಬೀಳದಂತೆ ಮೇಲೊಂದು ಅಡಿಕೆ ಹಾಳೆ ಓರೆಯಾಗಿ ಸಿಕ್ಕಿಸುತ್ತಿದ್ದ. ಹೊಸ ಮೇಸ್ತ್ರಿ ಹೊಗೆ ಹಾಕಿ ಓಡಿಸಿ ತೂತು ಮುಚ್ಚೋಣವೆಂದ. ಜ್ವಾಲಮ್ಮ ಕಿಟಕಿಯಿಂದಲೇ, "ಅವು ಇದ್ದ ಹಾಗೆ ಇರಲಿ" ಅಂದಳು. ಅವಳ ಮಾತು ಮೀರುವವರಿಲ್ಲ. ಎಂಟಾಣೆ ನಾಣ್ಯದಷ್ಟು ಜಾಗ ಬಿಟ್ಟು ಸುತ್ತ ಸಿಮೆಂಟು ಬಳಿದರು. ಅದರ ಮೇಲೊಂದು ಹಾಳೆ ಸಿಕ್ಕಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆಯುವವನನ್ನು ಆಗಲೇ ಮನೆಗೆ ಕಳಿಸಿಯಾಗಿತ್ತು.

ಗೋಡೆ ನಿಜವಾಗಿ ಚೆಂದ ಕಾಣುತ್ತಿತ್ತು. ಬೂದು ಬಣ್ಣ, ಕನ್ನಡಿಯಂಥ ನುಣುಪು, ಮೂಲೆಗಳು ಗೆರೆ ಎಳೆದಷ್ಟು ನೇರ. ಬಸ್ಸಿಗೆ ಕಾಯುವವರು ಬಂದು ಸವರಿ ನೋಡಿಹೋಗುತ್ತಿದ್ದರು. ಜಿನಚಂದ್ರ ಅಂಗಡಿ ಬಿಟ್ಟು ಬಂದು ತೋರಿಸುತ್ತಿದ್ದ.

ಆಷಾಢದಲ್ಲಿ ಚಾತುರ್ಮಾಸ ಹತ್ತಿರವಾದಾಗ ಜ್ವಾಲಮ್ಮ ಮಗನನ್ನು ಕರೆದಳು. ಈ ಸಲ ದೇಶವ್ರತ ಹಿಡಿಯುವ ಮನಸ್ಸಾಗಿದೆ ಎಂದಳು. ಇಷ್ಟು ಜಾಗದ ಆಚೆ ಕಾಲಿಡುವುದಿಲ್ಲವೆಂದು ಎಲ್ಲೆ ಹಾಕಿಕೊಳ್ಳುವ ವ್ರತ ಅದು. ಮಳೆಗಾಲದಲ್ಲಿ ನೆಲದ ತುಂಬ ಹುಳುಹುಪ್ಪಟೆ. ನಡೆದಷ್ಟೂ ತುಳಿದ ಹಾಗೆ. ತನ್ನ ಕೋಣೆ, ಅದಕ್ಕೆ ಸೇರಿದ ಬಚ್ಚಲು, ಇಷ್ಟರಲ್ಲಿ ದೀಪಾವಳಿಯವರೆಗೆ ಇದ್ದುಬಿಡುತ್ತೇನೆ ಅಂದಳು. ಆಮೇಲೆ ಗೋಡೆಯ ಕಡೆ ನೋಡಿ ಕೇಳಿದಳು.

"ತಟ್ಟಿ ಬೇರೆ ಕಟ್ಟಿಲ್ಲ. ಮಾಸ್ತಪ್ಪ ಏನೋ ಅಂತಿದ್ದ, ಕಿಟಕಿಯಿಂದ ಕೇಳ್ತು. ಈ ಗೋಡೆ ಈ ಮಳೆ ತಡೀತದಾ, ಚಂದ್ರ? ಯೋಚನೆ ಮಾಡಿ ಹೇಳು. ನಾನು ಒಳಗೆ ಕೂತುಬಿಡೋಳು."

"ತಡೆಯೋದೇನು ಬಂತಮ್ಮ. ಇನ್ನು ನೂರು ವರ್ಷ ಅಲ್ಲಾಡೋದಿಲ್ಲ, ನನ್ನ ಮಾತು."

ಯೋಚನೆ ಮಾಡು ಎಂದವಳಿಗೆ ಅವನು ಯೋಚಿಸದೆ ಕೊಟ್ಟ ಉತ್ತರ ಅದು. ಸೀರೆ ಮಾರುವ ದನಿಯಲ್ಲೇ ಕೊಟ್ಟದ್ದು.

ಚತುರ್ದಶಿಯಂದು ಬಸದಿಯಲ್ಲಿ ದೇವರ ಮುಂದೆ ಜ್ವಾಲಮ್ಮ ವ್ರತ ಹಿಡಿದಳು. ಕೋಣೆ, ಬಚ್ಚಲು, ದೀಪಾವಳಿ ಎಂದು ಹೇಳಿದ್ದು ಎಲ್ಲರಿಗೂ ಕೇಳಿಸಿತು. ಕೊನೆಗೆ ಇನ್ನೂ ಒಂದು ಮಾತು ಸಣ್ಣದಾಗಿ ಹೇಳಿಕೊಂಡಳು. ಜಿನಚಂದ್ರ ಕಂಬದ ಹತ್ತಿರ ನಿಂತು ಯಾರಿಗೋ ಸಿಮೆಂಟಿನ ಪರ್ಮಿಟ್ಟಿನ ಕತೆ ಹೇಳುತ್ತಿದ್ದ. ಅವನಿಗೆ ಅದು ಕೇಳಿಸಲಿಲ್ಲ, ಕೇಳುವ ಗೋಜಿಗೂ ಹೋಗಲಿಲ್ಲ.

ಪುನರ್ವಸು ಮಳೆ ಬಿಡದೆ ಹೊಡೆಯಿತು. ಹನ್ನೊಂದು ದಿನ ಹಗಲಲ್ಲೂ ಅಂಗಡಿಯಲ್ಲಿ ದೀಪ ಬೇಕಾಯಿತು. ಹೊರಗೆ ನಿಂತು ನೋಡಿದರೆ ಪಡುವಣ ಗೋಡೆ ನೀರನ್ನು ಹತ್ತಿರಕ್ಕೇ ಸೇರಿಸುತ್ತಿರಲಿಲ್ಲ. ಬಡಿದ ನೀರೆಲ್ಲ ಜಾರಿ ನೆಲಕ್ಕೆ ಇಳಿಯುತ್ತಿತ್ತು. ಜಿನಚಂದ್ರ ಕೊಡೆ ಹಿಡಿದು ನಿಂತು ಆ ಚೆಂದ ನೋಡುತ್ತಿದ್ದ.

ಮೊದಲು ಬಂದದ್ದು ವಾಸನೆ. ಹೊತ್ತು ಮುಳುಗುವ ಮೊದಲು ಅತ್ತೆಯ ಊಟವನ್ನು ಕೋಣೆಗೆ ಕೊಟ್ಟು ಬರುತ್ತಿದ್ದ ಅವನ ಹೆಂಡತಿ ವಿಜಯಲಕ್ಷ್ಮೀ, "ಅತ್ತೆ ಕೋಣೇಲಿ ಹಸಿ ಮಣ್ಣು ಕಲಸಿಟ್ಟ ವಾಸನೆ ಬರ್ತಿದೆ" ಅಂದಳು. ಮಳೆಗಾಲದಲ್ಲಿ ಮತ್ತೇನು ಸಂಪಿಗೆ ವಾಸನೆ ಬರುತ್ತದೆಯೇ ಎಂದು ಜಿನಚಂದ್ರ ನಗೆಯಾಡಿದ. ಎರಡು ದಿನ ಬಿಟ್ಟು ಒಳಗೋಡೆಯ ಸುಣ್ಣದ ಮೇಲೆ ಬಿಳಿಯ ಉಪ್ಪು ಹೂಬಿಟ್ಟಿತು. ಒರೆಸಿದರೆ ಮರುದಿನ ಮತ್ತೆ ಬರುತ್ತಿತ್ತು. ಜ್ವಾಲಮ್ಮನ ಪುರಾಣದ ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡವು. ಗೋಡೆಯ ಬುಡದಿಂದ ಇರುವೆಗಳು ಮೊಟ್ಟೆ ಕಚ್ಚಿಕೊಂಡು ಸಾಲುಗಟ್ಟಿ ಮೂಡಣ ಗೋಡೆಗೆ ಹೊರಟವು. ಜ್ವಾಲಮ್ಮ ತನ್ನ ಚಾಪೆಯನ್ನು ಸರಿಸಿ ಅವುಗಳಿಗೆ ದಾರಿ ಬಿಟ್ಟಳು.

ಪುಷ್ಯ ಮಳೆಯ ಎರಡನೆಯ ದಿನ ಜೇನು ಹೋಯಿತು.

ಜೇನು ಜಡಿಮಳೆಯಲ್ಲಿ ಗೂಡು ಬಿಡುವುದಿಲ್ಲ. ಬಿಟ್ಟರೆ ಬದುಕುವುದಿಲ್ಲವೆಂದು ಅದಕ್ಕೂ ಗೊತ್ತು. ಆದರೂ ಮಳೆ ಗಳಿಗೆ ಹೊತ್ತು ಬಿಡುವು ಕೊಟ್ಟಾಗ ತೂತಿನಿಂದ ಹೊರಟು ಗೋಡೆಯ ಎದುರು ಕಪ್ಪಗೆ ಒಂದು ಸುತ್ತು ಸುತ್ತಿ, ಬಸದಿಯ ಕಡೆ ಹಾರಿತು. ಅರ್ಧಕ್ಕರ್ಧ ದಾರಿಯಲ್ಲೇ ಬಿದ್ದವು. ವಿಜಯಲಕ್ಷ್ಮೀ ಹೋಗಿ ಹೇಳಿದಾಗ ಜ್ವಾಲಮ್ಮ, "ಗೊತ್ತು. ಬೆನ್ನು ತಣ್ಣಗಾಯ್ತು" ಎಂದಷ್ಟೇ ಅಂದಳು.

ಅಂದು ಸಂಜೆ ಜಿನಚಂದ್ರ ಯಾರೂ ಇಲ್ಲದ್ದು ನೋಡಿ ಗೋಡೆಯ ಹತ್ತಿರ ಹೋದ. ಮಾಸ್ತಪ್ಪ ಮಾಡುತ್ತಿದ್ದ ಹಾಗೆ ಬೆರಳು ಮಡಿಸಿ ಸಿಮೆಂಟಿನ ಮೇಲೆ ಬಡಿದ. ಗಟ್ಟಿ ಸದ್ದು ಬಂತು. ಎರಡು ಹೆಜ್ಜೆ ಸರಿದು ಬಡಿದ. ಖಾಲಿ ಹಂಡೆಗೆ ಬಡಿದ ಸದ್ದು ಬಂತು. ಅಲ್ಲಿಂದ ಕಿಟಕಿಯವರೆಗೂ ಅದೇ ಸದ್ದು. ಸಿಮೆಂಟು ಬೇರೆ, ಗೋಡೆ ಬೇರೆ ಆಗಿ ನಿಂತಿದ್ದವು. ನಡುವೆ ಏನಿದೆಯೆಂದು ಯೋಚಿಸಿ ಅವನು ಕೈ ಹಿಂದಕ್ಕೆಳೆದುಕೊಂಡ.

ಆಗಲಾದರೂ ಹೇಳಬಹುದಿತ್ತು. ಅವನು ಮಾಡಿದ್ದೇನೆಂದರೆ, ಜೇನು ಹೇಗೂ ಹೋಯಿತಲ್ಲ, ನೀರು ಅಲ್ಲಿಂದಲೇ ಇಳಿಯುತ್ತಿರಬೇಕೆಂದು ಉಳಿದಿದ್ದ ಸಿಮೆಂಟನ್ನು ತಾನೇ ಕಲಸಿ ಆ ತೂತು ಮುಚ್ಚಿದ. ಅಷ್ಟು ದಿನ ಗೋಡೆಯೊಳಗಿನ ಹಸಿ ಸ್ವಲ್ಪವಾದರೂ ಆರಲು ಇದ್ದ ಜಾಗ ಅದೊಂದೇ. ಸೂರಿನ ಸಂದಿನಿಂದ ಇಳಿಯುವ ನೀರು ಇಳಿಯುತ್ತಲೇ ಇತ್ತು.

ಅಲ್ಲಿಂದ ಮೇಲೆ ದಿನಾ ಬಡಿದು ನೋಡುವುದೇ ಅವನ ಕೆಲಸವಾಯಿತು. ಅಂಗಡಿಗೆ ಹೋಗುವ ಮೊದಲು ಒಂದು ಸಲ, ಬಂದ ಮೇಲೆ ಒಂದು ಸಲ. ಪೊಳ್ಳು ದಿನಕ್ಕೊಂದು ಗೇಣು ಬೆಳೆಯಿತು. ಐದನೆಯ ದಿನ ಗೋಡೆಗೆ ಹೊಟ್ಟೆ ಬಂದದ್ದು ಬರಿಗಣ್ಣಿಗೇ ಕಂಡಿತು. ಮೂಲೆಯಿಂದ ಒಂದು ಕಣ್ಣು ಮುಚ್ಚಿ ನೋಡಿದರೆ, ಗೆರೆ ಎಳೆದಂತಿದ್ದ ಆ ಗೋಡೆ ನಡುವೆ ಹೊರಕ್ಕೆ ಉಬ್ಬಿತ್ತು.

"ಅತ್ತೆಗೆ ಹೇಳಿಬಿಡಿ" ಅಂದಳು ವಿಜಯಲಕ್ಷ್ಮೀ.

"ಹೇಳಿ ಎಂತ ಮಾಡೋದು? ಅಮ್ಮ ವ್ರತ ಮುರೀತಾರಾ? ಆಚೆಗಂತೂ ಬರೋದಿಲ್ಲ. ಸುಮ್ಮನೆ ಹೆದರಿಸಿ ಅಲ್ಲಿ ಕೂರಿಸಬೇಕಾ?"

ಈ ಮಾತಿನಲ್ಲಿ ಅರ್ಧ ತಾಯಿಯ ಮೇಲಿನ ಮಮತೆ. ಇನ್ನರ್ಧ, ನಾನು ಹೇಳಿದ್ದು ಸುಳ್ಳಾಯಿತಮ್ಮ ಎಂದು ಅವಳ ಮುಖ ನೋಡಿ ಹೇಳಲಾರದ ಹೇಡಿತನ. ಯಾವುದು ಯಾವುದೆಂದು ಅವನಿಗೇ ತಿಳಿಯದಷ್ಟು ಎರಡೂ ಕಲಸಿಹೋಗಿದ್ದವು. ಊಟದ ಹೊತ್ತಿಗೆ ತಾಯಿಯ ಕೋಣೆಯ ಹೊಸ್ತಿಲ ಬಳಿ ನಿಲ್ಲುತ್ತಿದ್ದ. ಜ್ವಾಲಮ್ಮ ಪ್ರತಿ ದಿನವೂ ಒಂದೇ ಮಾತು ಕೇಳುತ್ತಿದ್ದಳು.

"ಗೋಡೆ ಹೇಗಿದೆ, ಚಂದ್ರ?"

"ಭದ್ರವಾಗಿದೆಯಮ್ಮ."

ಅವಳು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಪುಸ್ತಕಕ್ಕೆ ತಿರುಗುತ್ತಿದ್ದಳು.

ಆರನೆಯ ದಿನ ಬೆಳಿಗ್ಗೆ ಅವನು ಕೊಡೆ ಹಿಡಿದು ಕೆಸರು ತುಳಿಯುತ್ತ ಮಾಸ್ತಪ್ಪನ ಮನೆಗೆ ಹೋದ. ಮಾಸ್ತಪ್ಪನ ಹೆಂಡತಿ ಕೆರಿಯಮ್ಮ ಒಲೆಯ ಮುಂದಿದ್ದಳು. ಸಾವ್ಕಾರರು ನಡೆದು ಬಂದದ್ದು ನೋಡಿ ಅವಳಿಗೇ ಗಾಬರಿಯಾಯಿತು. ಮಾಸ್ತಪ್ಪ ಏನೂ ಕೇಳಲಿಲ್ಲ. ಕರಣೆ, ಉಳಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಕಂಬಳಿಕೊಪ್ಪೆ ಹೊದ್ದು ಹೊರಟ. ನಾನು ಆಗಲೇ ಹೇಳಿದ್ದೆ ಎಂದು ಅವನು ಅಂದಿದ್ದರೆ ಜಿನಚಂದ್ರನಿಗೆ ಎಷ್ಟೋ ಹಗುರವಾಗುತ್ತಿತ್ತು. ಎರಡು ಮೈಲಿಯ ದಾರಿಯಲ್ಲಿ ಅವನು ಆ ಮಾತು ಅನ್ನಲೇ ಇಲ್ಲ.

ಗೋಡೆಯ ಹತ್ತಿರ ಬಂದು ಮಾಸ್ತಪ್ಪ ಬಡಿಯಲೂ ಹೋಗಲಿಲ್ಲ. ಅಂಗೈಯನ್ನು ಉಬ್ಬಿನ ಮೇಲೆ ಮೆಲ್ಲಗೆ ಇಟ್ಟು ಹಾಗೆಯೇ ನಿಂತ. ಗಬ್ಬದ ದನದ ಹೊಟ್ಟೆ ಮುಟ್ಟಿ ನೋಡುವವರು ನಿಲ್ಲುವುದು ಹಾಗೆ.

"ಒಳಗೆಲ್ಲ ಕೆಸರಾಗಿದೆ" ಅಂದ. "ಈ ಸಿಮೆಂಟೇ ಈಗ ಅದನ್ನ ಹಿಡ್ಕಂಡಿರೋದು. ಬುಡದಾಗೆ ಗೇಣಗಲ ಕಿತ್ರೆ ನೀರು ತಾನಾಗಿ ಇಳೀತದೆ. ಇಳಿದ್ರೆ ಉಳೀತದೆ. ಇಲ್ಲಾಂದ್ರೆ ಗೋಡೆ ಹೊರಗೆ ಬೀಳ್ತದೆ, ಮಾಡು ಒಳಗೆ ಬೀಳ್ತದೆ."

"ಈಗಲೇ ಶುರು ಮಾಡು."

"ದೊಡ್ಡಮ್ಮಾರನ್ನ ಆಚೆ ಕಳ್ಸಿ. ಅವ್ರು ಒಳಗಿದ್ರೆ ನಾ ಕೈ ಹಚ್ಚಾದಿಲ್ಲ."

ಜಿನಚಂದ್ರ ಒಳಗೆ ಹೋದ. ಹೊಸ್ತಿಲ ಬಳಿ ನಿಂತ. ಜ್ವಾಲಮ್ಮ ಜಪಸರ ಹಿಡಿದು ಕಣ್ಣು ಮುಚ್ಚಿದ್ದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಅವನು ಬಾಯಿ ತೆರೆದ. ವ್ರತದ ನಡುವೆ ಎಬ್ಬಿಸಿದರೆ ಪಾಪ, ಎಬ್ಬಿಸಿದರೂ ಬರುವವಳಲ್ಲ, ಮಾಸ್ತಪ್ಪನ ಕೈಯಲ್ಲಿ ಅರ್ಧ ಗಳಿಗೆಯ ಕೆಲಸ, ನೀರು ಇಳಿದುಹೋದರೆ ಅಮ್ಮನಿಗೆ ಹೇಳುವ ಪ್ರಮೇಯವೇ ಇಲ್ಲ. ಹೀಗೆಲ್ಲ ಅಂದುಕೊಂಡು ತೆರೆದ ಬಾಯಿ ಮುಚ್ಚಿದ. ಹೊರಗೆ ಬಂದ.

"ಕಳಿಸಿದೀನಿ" ಅಂದ.

"ಮೂಡಣ ಕೋಣೆಗಾ?"

"ಹ್ಞೂಂ. ಮೂಡಣ ಕೋಣೆಗೆ. ನನ್ನ ಮಾತು."

ಮಾಸ್ತಪ್ಪ ನಂಬಿದ. ಮೂವತ್ತು ವರ್ಷ ಕೆಲಸ ಮಾಡಿದ ಮನೆ, ಯಾಕೆ ನಂಬಬಾರದು?

ಅವನು ಎರಡು ಕಂಬ ತಂದು ಗೋಡೆಗೆ ಓರೆಯಾಗಿ ಆನಿಸಿ ಆಸರೆ ಕೊಟ್ಟ. ಬುಡದಲ್ಲಿ ಕೂತು ಉಳಿಯ ಮೇಲೆ ಸುತ್ತಿಗೆಯಿಂದ ಸಣ್ಣಗೆ ಹೊಡೆದ. ಮೊದಲ ಚೂರು ಸಿಮೆಂಟು ಕಿತ್ತು ಬಂದಾಗ ಅದರ ಹಿಂದಿನಿಂದ ಕೆಂಪು ನೀರು ಚಿಮ್ಮಿ ಅವನ ಮೊಣಕಾಲಿಗೆ ಬಡಿಯಿತು. ಕೊಳೆತ ಮೇಣದ ಚೂರುಗಳು, ಸತ್ತ ಜೇನುನೊಣಗಳು ಆ ನೀರಿನಲ್ಲಿ ಬಂದವು. ವಾಸನೆ ತಡೆಯಲಾಗದೆ ಜಿನಚಂದ್ರ ಮೂಗಿಗೆ ಶಲ್ಯ ಹಿಡಿದ. ಮಾಸ್ತಪ್ಪ ಗೇಣು ಸರಿದು ಮತ್ತೆ ಉಳಿ ಇಟ್ಟ. ಮತ್ತೆ ನೀರು. ಮೂರನೆಯ ಕಡೆ ಉಳಿ ಇಟ್ಟಾಗ ಅವನ ಕೈ ಹಾಗೆಯೇ ನಿಂತಿತು.

ಗೋಡೆಯೊಳಗಿಂದ ದನಿ ಕೇಳಿಸುತ್ತಿತ್ತು. ಹೊರಗೆ ಕುಟ್ಟುವ ಸದ್ದಿಗೆ ಏನೋ ನಡೆಯುತ್ತಿದೆಯೆಂದು ತಿಳಿದು ಜ್ವಾಲಮ್ಮ ಜಪವನ್ನು ದನಿಯೆತ್ತಿ ಹೇಳತೊಡಗಿದ್ದಳು. ಪಂಚನಮಸ್ಕಾರದ ಒಂದೊಂದು ಸಾಲೂ ಒದ್ದೆ ಮಣ್ಣಿನ ಮೂಲಕ ಸ್ಪಷ್ಟವಾಗಿ ಹೊರಗೆ ಬಂತು.

ಮಾಸ್ತಪ್ಪ ತಲೆ ಎತ್ತಿ ಜಿನಚಂದ್ರನನ್ನು ನೋಡಿದ. "ಒಳಗೆ ಯಾರು?" ಎಂದು ಕೇಳಿದ.

ಜಿನಚಂದ್ರನ ಬಾಯಿಗೆ ಉತ್ತರ ಬಾರದೆ ಹೋದದ್ದು ಬಹುಶಃ ಅದೇ ಮೊದಲು.

ಮೇಲೆ ಎಲ್ಲೋ ಲಟಕ್ಕೆಂದಿತು. ಸೂರಿನ ಕೆಳಗೆ ಸಿಮೆಂಟಿನಲ್ಲಿ ಕೂದಲೆಳೆಯಂಥ ಒಂದು ಗೆರೆ ಹುಟ್ಟಿ, ನೋಡುತ್ತಿದ್ದ ಹಾಗೆ ಕಿಟಕಿಯವರೆಗೆ ಇಳಿಯಿತು. ಒಂದು ಕಂಬ ಕೆಸರಿನಲ್ಲಿ ಜಾರಿತು. ಮಾಸ್ತಪ್ಪ ಉಳಿ ಬಿಸಾಡಿ ಎದ್ದ. ಓಡಲು ಅವನಿಗೆ ಬೇಕಾದಷ್ಟು ಜಾಗವಿತ್ತು, ಹಿಂದೆ ಇಡೀ ಹಿತ್ತಲು ಖಾಲಿ ಇತ್ತು. ಅವನು ಜಾರಿದ ಕಂಬವನ್ನು ಎತ್ತಿ ಮತ್ತೆ ಆನಿಸಿ, ಉಬ್ಬಿದ ಗೋಡೆಗೆ ಹೆಗಲು ಕೊಟ್ಟು ಕಾಲೂರಿ ನಿಂತ.

"ಹೋಗಿ ಕರ್ಕಂಡ್ ಬನ್ನಿ" ಅಂದ. ದನಿ ಏರಲಿಲ್ಲ. "ನಾ ಹಿಡ್ಕಂಡಿರ್ತೀನಿ."

ಜಿನಚಂದ್ರ ಓಡಿದ. ಹೊಸ್ತಿಲು ಎಡವಿ ಕೋಣೆಯೊಳಗೆ ಬಿದ್ದ. ಏಳುವಷ್ಟು ವ್ಯವಧಾನವಿಲ್ಲದೆ ನೆಲದ ಮೇಲಿಂದಲೇ ಹೇಳಿದ: "ಅಮ್ಮ, ಗೋಡೆ ಭದ್ರವಿಲ್ಲ. ಈ ಮಳೇಲಿ ಯಾವತ್ತೂ ಇರಲಿಲ್ಲ. ನಾನು ಸುಳ್ಳು ಹೇಳ್ತಾ ಬಂದೆ."

ಜ್ವಾಲಮ್ಮ ಜಪಸರ ಕೆಳಗಿಟ್ಟಳು, ಎದ್ದಳು. ಅವನು ಕಾಲು ಹಿಡಿದು ಬೇಡಬೇಕಾಗಲಿಲ್ಲ. ಅವಳು ಪುಸ್ತಕ ಎತ್ತಿಕೊಂಡು ಅವನನ್ನು ದಾಟಿ, ಹೊಸ್ತಿಲು ದಾಟಿ ನಡುಮನೆಗೆ ಬಂದಳು. ಅವನು ಬೆಪ್ಪಾಗಿ ಹಿಂದೆಯೇ ಬಂದ.

"ವ್ರತ?" ಅಂದ.

"ನನ್ನ ಮಗ ಆ ಗೋಡೆ ಭದ್ರ ಅನ್ನೋವರೆಗೆ ಆ ಕೋಣೆ, ಅಲ್ಲ ಅಂದ ದಿನ ಮೂಡಣ ಕೋಣೆ ಅಂತ ದೇವರ ಮುಂದೆ ಹೇಳೇ ಹಿಡಿದಿದ್ದೆ" ಅಂದಳು ಜ್ವಾಲಮ್ಮ. "ಜೇನು ಹೋದ ದಿನವೇ ಗೊತ್ತಾಗಿತ್ತು ನನಗೆ. ನೀನು ಹೊರಗಿಂದ ದಿನಾ ಬಡಿದು ನೋಡೋದೂ ಕೇಳ್ತಿತ್ತು. ದಿನಾ ಕೇಳಿದೆ. ನೀನು ದಿನಾ ಭದ್ರ ಅಂದೆ."

ಮಾತು ಮುಗಿಯುವ ಮೊದಲು ಕಾಲ ಕೆಳಗಿನ ನೆಲ ಅದುರಿತು. ದೊಡ್ಡ ಸದ್ದೇನೂ ಆಗಲಿಲ್ಲ. ತುಂಬಿದ ಭತ್ತದ ಮೂಟೆಯನ್ನು ಒಮ್ಮೆಗೇ ನೆಲಕ್ಕೆ ಕೆಡವಿದ ಹಾಗೆ ಧೊಪ್ಪೆಂದಿತು. ಆಮೇಲೆ ಹೆಂಚುಗಳು ಸರಸರನೆ ಜಾರಿದ ಸದ್ದು, ತೊಲೆ ಮುರಿದ ಸದ್ದು. ಕೋಣೆಯ ಬಾಗಿಲಿನಿಂದ ಬೂದು ಬೆಳಕು ನಡುಮನೆಗೆ ಬಂತು. ಜ್ವಾಲಮ್ಮ ಕೂತಿದ್ದ ಚಾಪೆಯ ಮೇಲೆ ತೊಲೆ ಅಡ್ಡ ಬಿದ್ದಿತ್ತು. ಪಡುವಣ ದಿಕ್ಕಿನಲ್ಲಿ ಗೋಡೆ ಇರಲಿಲ್ಲ, ಮಳೆ ಇತ್ತು.

"ಮಾಸ್ತಪ್ಪ ಎಲ್ಲಿ?" ಎಂದು ಕೇಳಿದಳು ಜ್ವಾಲಮ್ಮ.

ಪೇಟೆಯವರೆಲ್ಲ ಓಡಿ ಬಂದರು. ಜಿನಚಂದ್ರ ಯಾರಿಗೂ ಹಾರೆ ಹಾಕಲು ಬಿಡದೆ ಬರಿಗೈಯಲ್ಲಿ ತೋಡಿದ. ಸಿಮೆಂಟಿನ ಹಲಗೆ ಮುರಿಯದೆ ಅಷ್ಟಗಲಕ್ಕೆ ಹಾಗೆಯೇ ಮಗುಚಿಕೊಂಡಿತ್ತು. ಮೇಸ್ತ್ರಿ ಹೇಳಿದ್ದು ಅದೊಂದು ಮಾತ್ರ ನಿಜ, ಅದು ಬಹಳ ಗಟ್ಟಿಯಿತ್ತು. ಆರು ಜನ ಸೇರಿ ಎತ್ತಬೇಕಾಯಿತು. ಕೆಳಗೆ ಮಾಸ್ತಪ್ಪ ಸಿಕ್ಕಿದ. ಕಂಬ ಇನ್ನೂ ಅವನ ಎರಡು ಕೈಗಳ ನಡುವೆಯೇ ಇತ್ತು. ಉಸಿರಿರಲಿಲ್ಲ.

ಕೆರಿಯಮ್ಮ ಬರುವ ಹೊತ್ತಿಗೆ ಅವನನ್ನು ಜಗುಲಿಯ ಮೇಲೆ ಮಲಗಿಸಿ ಮುಖ ತೊಳೆದಿದ್ದರು. ಅವಳು ಬಹಳ ಹೊತ್ತು ಅವನ ಹತ್ತಿರ ಕೂತಳು. ಸೇರಿದವರು ತಮಗೆ ತೋಚಿದ್ದು ಹೇಳಿದರು. ಪುಷ್ಯ ಮಳೆ ಈ ಸಲ ಜೀವ ಕೇಳಿತು ಅಂದರು. ಹಣೆಯಲ್ಲಿ ಬರೆದದ್ದು ಅಂದರು. ಹಳೆಯ ಗೋಡೆ, ಯಾರೇನು ಮಾಡಲಿಕ್ಕಾಗುತ್ತದೆ ಅಂದರು. ಜಿನಚಂದ್ರ ಒಂದೂ ಮಾತಾಡಬೇಕಾಗಿರಲಿಲ್ಲ. ಊರೇ ಅವನ ಪರವಾಗಿ ಮಾತು ಮುಗಿಸಿ ಕೊಟ್ಟಿತ್ತು, ತಲೆ ಅಲ್ಲಾಡಿಸಿದ್ದರೆ ಸಾಕಿತ್ತು.

ಕೆರಿಯಮ್ಮ ತಲೆಯೆತ್ತಿ ಅವನನ್ನೇ ಕೇಳಿದಳು. "ಎಂತ ಆಯ್ತು ಸಾವ್ಕಾರ್ರೆ? ಗೋಡೆ ಗುಣ ಗೊತ್ತಿದ್ದ ಮನುಷ್ಯ ಅವ್ರು. ಬೀಳೋ ಗೋಡೆ ಕೆಳಗೆ ಯಾಕೆ ನಿಂತ್ರು?"

ಜ್ವಾಲಮ್ಮ ಬಾಗಿಲಲ್ಲಿ ನಿಂತಿದ್ದಳು. ಮಗನ ಮುಖವನ್ನು ನೋಡುತ್ತಿದ್ದಳು, ದಿನಾ ಊಟದ ಹೊತ್ತಿಗೆ ನೋಡುತ್ತಿದ್ದ ಹಾಗೆಯೇ.

"ಅಮ್ಮ ಒಳಗಿದ್ರು" ಅಂದ ಜಿನಚಂದ್ರ. "ಆಚೆ ಕಳಿಸಿದೀನಿ ಅಂತ ಅವನಿಗೆ ಸುಳ್ಳು ಹೇಳಿದ್ದೆ."

ಕೆರಿಯಮ್ಮ ಅಳಲಿಲ್ಲ, ಶಪಿಸಲಿಲ್ಲ.

"ಅಮ್ಮಾರು ಒಳಗಿರೋದು ಅವ್ರಿಗೆ ಕೊನೆಗೆ ಗೊತ್ತಾಯ್ತಾ?"

"ಆಯ್ತು."

"ಆದ್ಮೇಲೆ ಏನಂದ್ರು?"

"ಹೋಗಿ ಕರ್ಕೊಂಡು ಬನ್ನಿ, ನಾನು ಹಿಡ್ಕೊಂಡಿರ್ತೀನಿ ಅಂದ."

ಕೆರಿಯಮ್ಮ ಗಂಡನ ಹೆಗಲಿಗೆ ಅಂಟಿದ್ದ ಕೆಂಪು ಮಣ್ಣನ್ನು ಸೆರಗಿನಿಂದ ಒರೆಸಿದಳು. ಹಿತ್ತಲಿಗೆ ಹೋಗಿ, ಮಣ್ಣಿನ ರಾಶಿಯ ಅಂಚಿನಲ್ಲಿ ಬಿದ್ದಿದ್ದ ಅವನ ಕರಣೆಯನ್ನು ಹುಡುಕಿ, ಸೂರಿನ ನೀರಿಗೆ ಹಿಡಿದು ತೊಳೆದು ಚೀಲಕ್ಕೆ ಹಾಕಿಕೊಂಡಳು. ತಿರುಗಿ ಬಂದು ಜಿನಚಂದ್ರನ ಎದುರು ನಿಂತಳು.

"ಅಂದ ಹಾಗೇ ಹಿಡ್ಕಂಡ್ರಲ್ಲ ಅವ್ರು" ಅಂದಳು.